ಕೀ ಎಲ್ಲರಿಗೂ ಕಾಣುತ್ತದೆ, ಡೇಟಾ ಕಾಣಬಾರದು: ಆ್ಯಪ್‌ನಿಂದ ಡೇಟಾಬೇಸ್‌ಗೆ ಹೋಗುವ ದಾರಿ

ಆ್ಯಪ್ ಕಟ್ಟುವುದನ್ನು ಕಲಿಯುವವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ನನ್ನ ಆ್ಯಪ್‌ನಿಂದ ನೇರವಾಗಿ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ಗೆ ಕನೆಕ್ಟ್ ಆಗುವುದು ಹೇಗೆ? ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಇದು ಆಗುವುದೇ ಇಲ್ಲ. ಎಚ್‌ಟಿಟಿಪಿ, ವೆಬ್‌ಸಾಕೆಟ್‌ನಂಥ ಕೆಲವೇ ದಾರಿಗಳನ್ನು ಬ್ರೌಸರ್ ಬಿಟ್ಟುಕೊಡುತ್ತದೆ. ಮೈಎಸ್‌ಕ್ಯೂಎಲ್‌ನ 3306, ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್‌ಗಳಲ್ಲಿ ನಡೆಯುವ ಮಾತುಕತೆ ಅದಕ್ಕೆ ಬರುವುದಿಲ್ಲ. ಆದರೆ ಆಂಡ್ರಾಯ್ಡ್‌ನಲ್ಲಿ ಆಗುತ್ತದೆ. ಜಾವಾ ಕೋಡ್ ಅನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ಸೇರಿಸಿ, ಸರ್ವರ್ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಬರೆದರೆ ಡೇಟಾ ಬಂದೇಬಿಡುತ್ತದೆ. ಕೆಲಸ ಇಷ್ಟು ಸಲೀಸಾಗಿ ಆಗಿಬಿಡುವುದರಿಂದಲೇ ಮುಂದಿನ ಎಡವಟ್ಟುಗಳೆಲ್ಲ ಹುಟ್ಟುತ್ತವೆ.

ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲ್ ಎಂದರೆ ಒಂದು ಜಿಪ್ ಫೈಲ್, ಅಷ್ಟೇ. ಅದನ್ನು ಜ್ಯಾಡೆಕ್ಸ್‌ನಂಥ ಉಚಿತ ಸಾಧನದಲ್ಲಿ ತೆರೆದು ಹುಡುಕುವ ಜಾಗದಲ್ಲಿ ‘ಪಾಸ್‌ವರ್ಡ್’ ಎಂದು ಟೈಪ್ ಮಾಡಿದರೆ ಡೇಟಾಬೇಸ್‌ನ ಗುಪ್ತಪದ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಕೋಡ್ ಅನ್ನು ಗೋಜಲು ಮಾಡುವ ಆರ್8 ಅಥವಾ ಪ್ರೊಗಾರ್ಡ್ ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಅವು ಕ್ಲಾಸ್, ಮೆಥಡ್‌ಗಳ ಹೆಸರು ಬದಲಿಸುತ್ತವೆ. ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಹಾಗೇ ಬಿಡುತ್ತವೆ. ರಿಯಾಕ್ಟ್ ನೇಟಿವ್ ಆ್ಯಪ್ ಆದರೆ ಜಾವಾಸ್ಕ್ರಿಪ್ಟ್ ಬಂಡಲ್ ಅಸೆಟ್ಸ್ ಫೋಲ್ಡರ್‌ನಲ್ಲೇ ಕೂತಿರುತ್ತದೆ. ಫ್ಲಟರ್ ಆದರೆ ಕಂಪೈಲ್ ಆದ ಲೈಬ್ರರಿ ಫೈಲ್‌ನ ಮೇಲೆ ‘ಸ್ಟ್ರಿಂಗ್ಸ್’ ಎಂಬ ಹಳೆಯ ಯುನಿಕ್ಸ್ ಕಮಾಂಡ್ ಓಡಿಸಿದರೆ ಸಾಕು. ಪಾಸ್‌ವರ್ಡ್ ಅನ್ನು ಎನ್‌ಕ್ರಿಪ್ಟ್ ಮಾಡಿ ಇಟ್ಟರೂ ಅದನ್ನು ಬಿಡಿಸುವ ಕೀ ಅದೇ ಆ್ಯಪ್‌ನೊಳಗೇ ಇರಬೇಕಲ್ಲ. ಬಳಕೆದಾರರ ಕೈಗೆ ಕೊಟ್ಟ ಯಂತ್ರದಲ್ಲಿ ಅವರಿಂದಲೇ ಏನನ್ನಾದರೂ ಬಚ್ಚಿಡುತ್ತೇವೆ ಎನ್ನುವುದು ಆಗದ ಮಾತು.

ಪಾಸ್‌ವರ್ಡ್ ಸೋರಿಕೆಯ ಮಾತು ಒಂದು ಕಡೆ ಇರಲಿ, ನೇರ ಸಂಪರ್ಕಕ್ಕೆ ಇನ್ನೊಂದು ಅಡ್ಡಿಯೂ ಇದೆ. ಊರೂರಿನ ಫೋನ್‌ಗಳಿಂದ ಕನೆಕ್ಷನ್ ಬರಬೇಕಾದರೆ ಡೇಟಾಬೇಸ್‌ನ ಪೋರ್ಟ್ ಇಡೀ ಇಂಟರ್‌ನೆಟ್‌ಗೆ ತೆರೆದಿರಬೇಕು, ಫೈರ್‌ವಾಲ್‌ನಲ್ಲಿ 0.0.0.0/0, ಅಂದರೆ ಯಾವ ವಿಳಾಸದಿಂದಲಾದರೂ ಬರಲಿ, ಎಂದು ಬರೆಯಬೇಕು. ಹಾಗೆ ತೆರೆದಿಟ್ಟ ಪೋರ್ಟ್‌ಗಳನ್ನು ಹುಡುಕುವ ಯಂತ್ರಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 2017ರ ಜನವರಿಯಲ್ಲಿ 27017 ಪೋರ್ಟ್ ತೆರೆದು ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಸರ್ವರ್‌ಗಳ ಡೇಟಾ ಅಳಿಸಿ, ಅಲ್ಲಿ ಬಿಟ್‌ಕಾಯಿನ್ ಬೇಡಿಕೆಯ ಚೀಟಿ ಬಿಟ್ಟುಹೋದದ್ದು ಇಂಥ ಯಂತ್ರಗಳೇ. ಆಮೇಲೆ 3.6ನೇ ಆವೃತ್ತಿಯಿಂದ ಮಾಂಗೋಡಿಬಿ ತಾನಾಗಿ ಲೋಕಲ್‌ಹೋಸ್ಟ್‌ಗೆ, ಅಂದರೆ ತಾನಿರುವ ಯಂತ್ರಕ್ಕೆ ಮಾತ್ರ ಕಿವಿಗೊಡುವಂತಾಯಿತು. ಸಾಲದ್ದಕ್ಕೆ, ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಅದರ ಮೂಲ ಮಿತಿ 100. ಮೈಎಸ್‌ಕ್ಯೂಎಲ್‌ನದು 151. ಇನ್ನೂರು ಜನ ಏಕಕಾಲಕ್ಕೆ ಆ್ಯಪ್ ತೆರೆದರೆ ಯಾರೂ ಹ್ಯಾಕ್ ಮಾಡದೆಯೇ ಅಂಗಡಿ ಬಂದ್.

ವೆಬ್ ಕಡೆಯವರು ಬೀಳುವ ಹಳ್ಳ ಬೇರೆ. ‘ಕೀಗಳನ್ನು ಡಾಟ್ ಎನ್ವ್ ಫೈಲ್‌ನಲ್ಲಿ ಇಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸರ್ವರ್‌ನಲ್ಲಿ ಓಡುವ ಕೋಡ್‌ಗೆ ಅದು ಸರಿ. ಆದರೆ ‘ವೀಟ್’, ‘ನೆಕ್ಸ್ಟ್ ಪಬ್ಲಿಕ್’, ‘ರಿಯಾಕ್ಟ್ ಆ್ಯಪ್’ ಎಂಬ ಪೂರ್ವಪದ ಹಚ್ಚಿದ ಪ್ರತಿಯೊಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಬೆಲೆಯೂ ಬಿಲ್ಡ್ ಆಗುವಾಗ ಜಾವಾಸ್ಕ್ರಿಪ್ಟ್ ಫೈಲ್‌ನೊಳಗೆ ಅಕ್ಷರಶಃ ಅಚ್ಚಾಗುತ್ತದೆ. ಗಿಟ್‌ಗೆ ಹೋಗದಿದ್ದರೂ ಬ್ರೌಸರ್‌ಗೆ ಹೋಗುತ್ತದೆ. ಎಫ್12 ಒತ್ತಿ ಬ್ರೌಸರ್‌ನ ಡೆವಲಪರ್ ಸಾಧನ ತೆರೆದವರಿಗೆಲ್ಲ ಅದು ಕಾಣುತ್ತದೆ.

ಕೀ ಬಯಲಲ್ಲೇ ಇರಲಿ ಎನ್ನುವ ವ್ಯವಸ್ಥೆ

ಇಷ್ಟೆಲ್ಲ ಓದಿದ ಮೇಲೆ, ಡೇಟಾಬೇಸ್, ಲಾಗಿನ್ ಎಲ್ಲವನ್ನೂ ಸಿದ್ಧವಾಗಿ ಕೊಡುವ ಫೈರ್‌ಬೇಸ್, ಸುಪಾಬೇಸ್ ಸೇವೆಗಳನ್ನು ಬಳಸುವವರಿಗೆ ಗೊಂದಲವಾಗುವುದು ಸಹಜ. ಅವುಗಳ ಕೀ ಫ್ರಂಟ್‌ಎಂಡ್ ಕೋಡ್‌ನಲ್ಲೇ ಇರುತ್ತದೆ, ಅಲ್ಲಿಂದಲೇ ಡೇಟಾಬೇಸ್‌ಗೆ ಕ್ವೆರಿ ಹೋಗುತ್ತದೆ. ಹಾಗಾದರೆ ಅದೂ ತಪ್ಪೇ? ತಪ್ಪಲ್ಲ. ಅಲ್ಲಿ ಕೀ ಮಾಡುವ ಕೆಲಸವೇ ಬೇರೆ.

2014ರಲ್ಲಿ ಗೂಗಲ್ ಕೊಂಡುಕೊಂಡ ಫೈರ್‌ಬೇಸ್‌ನಲ್ಲಿ ಎಪಿಐ ಕೀ ಎಂದರೆ ‘ಈ ಕೋರಿಕೆ ಯಾವ ಪ್ರಾಜೆಕ್ಟ್‌ಗೆ ಸೇರಿದ್ದು’ ಎಂದು ಹೇಳುವ ವಿಳಾಸ. ಸುಪಾಬೇಸ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಮುಂದೆ ಪೋಸ್ಟ್‌ಗ್ರೆಸ್ಟ್ ಎಂಬ ಪದರ ಕೂತು, ಟೇಬಲ್‌ಗಳನ್ನು ಎಚ್‌ಟಿಟಿಪಿ ವಿಳಾಸಗಳಾಗಿ ಮಾಡಿಕೊಡುತ್ತದೆ. ಅದರ ಅನಾನ್ ಕೀ, ಈಗಿನ ಹೆಸರಿನಲ್ಲಿ ಪಬ್ಲಿಷಬಲ್ ಕೀ, ಹೇಳುವುದು ಇಷ್ಟೇ: ‘ನಾನು ಲಾಗಿನ್ ಆಗದ ಯಾರೋ ಒಬ್ಬ.’ ಲಾಗಿನ್ ಆದ ಮೇಲೆ ಜೆಡಬ್ಲ್ಯೂಟಿ ಟೋಕನ್ ಎಂಬ, ಸರ್ವರ್ ಸಹಿ ಹಾಕಿದ ಗುರುತುಪತ್ರ ಜೊತೆಗೆ ಹೋಗುತ್ತದೆ, ಆಗ ಯಾರೋ ಒಬ್ಬ ಇಂಥವನೇ ಎಂದಾಗುತ್ತಾನೆ. ಯಾರಿಗೆ ಯಾವ ಸಾಲು ಕಾಣಬೇಕು ಎಂಬ ತೀರ್ಮಾನ ಡೇಟಾಬೇಸ್‌ನೊಳಗೇ ಆಗಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ರೋ ಲೆವೆಲ್ ಸೆಕ್ಯುರಿಟಿ ಎನ್ನುತ್ತಾರೆ. 2016ರ ಜನವರಿಯಲ್ಲಿ ಬಂದ 9.5ನೇ ಆವೃತ್ತಿಯಿಂದ ಇದೆ. ಚಿಕ್ಕದಾಗಿ ಆರ್‌ಎಲ್‌ಎಸ್.

ಬಯಲಿಗೆ ಬರಲೇಬಾರದ ಕೀ ಇನ್ನೊಂದಿದೆ: ಸುಪಾಬೇಸ್‌ನ ಸರ್ವಿಸ್ ರೋಲ್ ಕೀ, ಅದರ ಹೊಸ ರೂಪವಾದ ಸೀಕ್ರೆಟ್ ಕೀ, ಫೈರ್‌ಬೇಸ್‌ನಲ್ಲಿ ಅಡ್ಮಿನ್ ಎಸ್‌ಡಿಕೆಯ ಸರ್ವಿಸ್ ಅಕೌಂಟ್ ಫೈಲ್. ಇವಕ್ಕೆ ಯಾವ ನಿಯಮವೂ ಅನ್ವಯಿಸುವುದಿಲ್ಲ. ‘ಪರ್ಮಿಷನ್ ಡಿನೈಡ್’ ಎಂಬ ಎರರ್ ಬಂತೆಂದು ಅನಾನ್ ಕೀ ತೆಗೆದು ಸರ್ವಿಸ್ ರೋಲ್ ಕೀ ಅಂಟಿಸಿದರೆ ಎರರ್ ಮಾಯವಾಗುತ್ತದೆ, ಇಡೀ ಡೇಟಾಬೇಸ್ ಕೂಡ ಬಯಲಾಗುತ್ತದೆ.

ಖಾಲಿ ಬ್ರಾಕೆಟ್ ಬಂದಾಗ

ಒಂದು ಟ್ಯೂಷನ್ ಕೇಂದ್ರದ ಆ್ಯಪ್ ಎಂದುಕೊಳ್ಳಿ. ‘ಫೀಸ್’ ಎಂಬ ಟೇಬಲ್, ಅದರಲ್ಲಿ ವಿದ್ಯಾರ್ಥಿಯ ಐಡಿ, ತಿಂಗಳು, ಮೊತ್ತ, ಕಟ್ಟಿದ್ದಾರೆಯೇ ಎಂಬ ಕಾಲಂಗಳು. ಫ್ರಂಟ್‌ಎಂಡ್‌ನಲ್ಲಿ ‘ಫೀಸ್ ಟೇಬಲ್‌ನಿಂದ, ವಿದ್ಯಾರ್ಥಿ ಐಡಿ ನನ್ನ ಐಡಿಗೆ ಸಮ ಇರುವ ಸಾಲುಗಳನ್ನು ಕೊಡು’ ಎಂದು ಬರೆದಿದೆ. ಪರದೆಯ ಮೇಲೆ ಪ್ರತಿ ವಿದ್ಯಾರ್ಥಿಗೂ ಅವರವರ ಫೀಸ್ ಮಾತ್ರ ಕಾಣುತ್ತದೆ. ಎಲ್ಲ ಸರಿಯಿದೆ ಎನಿಸುತ್ತದೆ.

ಆ ‘ಸಮ ಇರುವ’ ಎಂಬ ಷರತ್ತು ಇರುವುದು ಬ್ರೌಸರ್‌ನಲ್ಲಿ. ನೆಟ್‌ವರ್ಕ್ ಟ್ಯಾಬ್‌ನಿಂದ ಆ ಕೋರಿಕೆಯನ್ನು ಕರ್ಲ್ ಕಮಾಂಡ್ (ಬ್ರೌಸರ್ ಇಲ್ಲದೆ ಕೋರಿಕೆ ಕಳಿಸುವ ಸಾಧನ) ಆಗಿ ಕಾಪಿ ಮಾಡಿ, ವಿಳಾಸದ ಕೊನೆಯ ಷರತ್ತನ್ನು ಅಳಿಸಿ ಎಂಟರ್ ಒತ್ತಿದರೆ ಎಲ್ಲ ವಿದ್ಯಾರ್ಥಿಗಳ ಫೀಸ್ ಪಟ್ಟಿ ಬರುತ್ತದೆ. ಸುಪಾಬೇಸ್ ಒಮ್ಮೆಗೆ 1000 ಸಾಲುಗಳಿಗೆ ಕಡಿವಾಣ ಹಾಕಿರುತ್ತದೆ ನಿಜ, ಮುಂದಿನ ಸಾವಿರ ಕೇಳಲು ಏನು ಕಷ್ಟ? ಗೆಟ್ ಬದಲು ಪ್ಯಾಚ್ ಎಂದು ಬರೆದರೆ ಫೀಸ್ ಕಟ್ಟದವರನ್ನು ಕಟ್ಟಿದವರನ್ನಾಗಿ ಮಾಡಬಹುದು, ಡಿಲೀಟ್ ಎಂದರೆ ಅಳಿಸಬಹುದು.

ಡ್ಯಾಶ್‌ಬೋರ್ಡ್‌ನ ಟೇಬಲ್ ಎಡಿಟರ್‌ನಲ್ಲಿ ಟೇಬಲ್ ಮಾಡಿದರೆ ಆರ್‌ಎಲ್‌ಎಸ್ ತಾನಾಗಿ ಚಾಲೂ ಆಗಿರುತ್ತದೆ. ಎಸ್‌ಕ್ಯೂಎಲ್ ಬರೆದು ಅಥವಾ ಮೈಗ್ರೇಷನ್ ಫೈಲ್‌ನಿಂದ (ಡೇಟಾಬೇಸ್‌ನ ರಚನೆ ಬದಲಿಸುವ ಕಮಾಂಡ್‌ಗಳ ಫೈಲ್) ಮಾಡಿದ ಟೇಬಲ್‌ಗೆ ಪೋಸ್ಟ್‌ಗ್ರೆಸ್‌ನ ಪದ್ಧತಿಯಂತೆ ಅದನ್ನು ನಾವೇ ಚಾಲೂ ಮಾಡಬೇಕು. ಎಐ ಸಾಧನಗಳು ಟೇಬಲ್ ಮಾಡುವುದು ಹೆಚ್ಚಾಗಿ ಈ ಎರಡನೇ ದಾರಿಯಲ್ಲಿ.

ನಿಜವಾದ ಎಡವಟ್ಟು ಆಗುವುದು ಆರ್‌ಎಲ್‌ಎಸ್ ಚಾಲೂ ಮಾಡಿದ ಮರುಕ್ಷಣ. ಯಾರಿಗೆ ಯಾವ ಸಾಲು ಎಂದು ಹೇಳುವ ನಿಯಮ, ಅಂದರೆ ಪಾಲಿಸಿ, ಒಂದೂ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಯಾರಿಗೂ ಏನನ್ನೂ ಕೊಡುವುದಿಲ್ಲ. ಎರರ್ ಕೂಡ ಕೊಡುವುದಿಲ್ಲ. 200 ಎಂಬ ಯಶಸ್ಸಿನ ಸಂಕೇತದೊಂದಿಗೆ ಖಾಲಿ ಬ್ರಾಕೆಟ್ ಕಳಿಸುತ್ತದೆ. ಟೇಬಲ್‌ನಲ್ಲಿ ಡೇಟಾ ಇದೆ, ಎಸ್‌ಕ್ಯೂಎಲ್ ಎಡಿಟರ್‌ನಲ್ಲಿ ಕಾಣುತ್ತದೆ, ಆ್ಯಪ್‌ನಲ್ಲಿ ಮಾತ್ರ ಸೊನ್ನೆ. ಡೆವಲಪರ್ ತಲೆ ಕೆರೆದುಕೊಂಡು ಹುಡುಕಾಡಿ ಕೊನೆಗೆ ‘ಯೂಸಿಂಗ್ ಟ್ರೂ’, ಅಂದರೆ ಎಲ್ಲ ಸಾಲಿಗೂ ಹೌದು, ಎಂಬ ಪಾಲಿಸಿ ಬರೆಯುತ್ತಾರೆ. ಡೇಟಾ ಬರುತ್ತದೆ. ಡ್ಯಾಶ್‌ಬೋರ್ಡ್‌ನ ಕೆಂಪು ಎಚ್ಚರಿಕೆಯೂ ಹೋಗುತ್ತದೆ. ಆರ್‌ಎಲ್‌ಎಸ್ ಇದ್ದೂ ಇಲ್ಲದ ಸ್ಥಿತಿ ಇದು, ಅದಿಲ್ಲದ್ದಕ್ಕಿಂತ ಕೆಟ್ಟದ್ದು; ಏಕೆಂದರೆ ಇನ್ನು ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಅಲ್ಲಿ ಬೇಕಿದ್ದದ್ದು ಮೂರು ಮಾತಿನ ಪಾಲಿಸಿ. ಯಾವ ಕ್ರಿಯೆಗೆ: ಸೆಲೆಕ್ಟ್. ಯಾರಿಗೆ: ‘ಆಥೆಂಟಿಕೇಟೆಡ್’ ಎಂಬ ರೋಲ್‌ಗೆ. ಯಾವ ಷರತ್ತಿನಲ್ಲಿ: ಆಥ್ ಯುಐಡಿ ಎಂಬ ಫಂಕ್ಷನ್ ಕೊಡುವ ಐಡಿ, ಆ ಸಾಲಿನ ವಿದ್ಯಾರ್ಥಿ ಐಡಿಗೆ ಸಮವಿದ್ದರೆ. ಆ ಫಂಕ್ಷನ್ ಟೋಕನ್‌ನೊಳಗಿಂದ ಐಡಿ ತೆಗೆಯುತ್ತದೆ. ಟೋಕನ್‌ಗೆ ಸರ್ವರ್‌ನ ಸಹಿ ಇರುವುದರಿಂದ ಬಳಕೆದಾರರು ಅದರಲ್ಲಿ ಬೇರೆಯವರ ಐಡಿ ತುರುಕಲಾರರು. ಲಾಗಿನ್ ಆಗದವರಿಗೆ ಈ ಫಂಕ್ಷನ್ ನಲ್ ಕೊಡುತ್ತದೆ. ನಲ್ ಯಾವುದಕ್ಕೂ ಸಮವಲ್ಲ, ಹಾಗಾಗಿ ಸಾಲೂ ಸಿಗುವುದಿಲ್ಲ.

ವೇಗಕ್ಕೆ ಎರಡು ಉಪಾಯ. ಆಥ್ ಯುಐಡಿಯನ್ನು ಬರಿದೇ ಬರೆಯದೆ ಆವರಣದೊಳಗೆ ಒಂದು ಸಣ್ಣ ಸೆಲೆಕ್ಟ್ ಆಗಿ ಬರೆಯಿರಿ. ಆಗ ಪೋಸ್ಟ್‌ಗ್ರೆಸ್ ಅದನ್ನು ಪ್ರತಿ ಸಾಲಿಗೂ ಕರೆಯದೆ ಇಡೀ ಕ್ವೆರಿಗೆ ಒಮ್ಮೆ ಕರೆಯುತ್ತದೆ. ವಿದ್ಯಾರ್ಥಿ ಐಡಿ ಕಾಲಂಗೆ ಇಂಡೆಕ್ಸ್ ಹಾಕಿ. ಲಕ್ಷ ಸಾಲಿನ ಟೇಬಲ್‌ನಲ್ಲಿ ‘ಆರ್‌ಎಲ್‌ಎಸ್ ನಿಧಾನ’ ಎಂಬ ದೂರು ಬಹುಪಾಲು ಇವೆರಡರಲ್ಲೇ ತೀರುತ್ತದೆ.

ಪಾಲಿಸಿ ಬರೆದ ಮೇಲೂ ಉಳಿಯುವ ತೂತುಗಳು

ಮೊದಲನೆಯದು ಕಾಲಂಗಳದ್ದು. ಆರ್‌ಎಲ್‌ಎಸ್ ಕಾಯುವುದು ಸಾಲನ್ನು; ಸಾಲಿನೊಳಗಿನ ಕಾಲಂಗಳ ಗೊಡವೆ ಅದಕ್ಕಿಲ್ಲ. ‘ಪ್ರೊಫೈಲ್’ ಟೇಬಲ್‌ನಲ್ಲಿ ಹೆಸರು, ಫೋಟೊ ಜೊತೆಗೆ ‘ರೋಲ್’ ಎಂಬ ಕಾಲಂ ಇದೆ, ತನ್ನ ಸಾಲನ್ನು ತಾನು ತಿದ್ದಬಹುದು ಎಂಬ ಪಾಲಿಸಿಯೂ ಇದೆ ಎಂದರೆ, ವಿದ್ಯಾರ್ಥಿ ತನ್ನ ರೋಲ್ ಅನ್ನು ‘ಅಡ್ಮಿನ್’ ಎಂದು ತಿದ್ದಿಕೊಳ್ಳಬಹುದು. ಸಾಲು ಅವನದೇ, ಪಾಲಿಸಿ ಒಪ್ಪುತ್ತದೆ. ಇದಕ್ಕೆ ಮದ್ದು ಪೋಸ್ಟ್‌ಗ್ರೆಸ್‌ನ ಹಳೆಯ ಗ್ರ್ಯಾಂಟ್ ವ್ಯವಸ್ಥೆ: ಆ ಟೇಬಲ್‌ನ ಅಪ್‌ಡೇಟ್ ಹಕ್ಕನ್ನು ‘ಆಥೆಂಟಿಕೇಟೆಡ್’ ರೋಲ್‌ನಿಂದ ರಿವೋಕ್ ಮಾಡಿ, ಹೆಸರು ಮತ್ತು ಫೋಟೊ ಕಾಲಂಗಳಿಗೆ ಮಾತ್ರ ಮತ್ತೆ ಗ್ರ್ಯಾಂಟ್ ಮಾಡುವುದು. ಇನ್ನೂ ಸರಳವೆಂದರೆ ರೋಲ್, ವ್ಯಾಲೆಟ್ ಬಾಕಿ, ಪ್ರೀಮಿಯಂ ಇದೆಯೇ ಎಂಬಂಥ ಕಾಲಂಗಳನ್ನು ಬಳಕೆದಾರರು ಬರೆಯಲಾಗದ ಬೇರೆ ಟೇಬಲ್‌ನಲ್ಲೇ ಇಡುವುದು.

ಇದೇ ಜಾತಿಯ ಇನ್ನೊಂದು: ಪಾಲಿಸಿಯಲ್ಲಿ ‘ಯೂಸರ್ ಮೆಟಾಡೇಟಾ’ ನೋಡಿ ಅಡ್ಮಿನ್ ಹೌದೋ ಅಲ್ಲವೋ ತೀರ್ಮಾನಿಸುವುದು. ಸುಪಾಬೇಸ್‌ನಲ್ಲಿ ಅದು ಬಳಕೆದಾರರೇ ತಿದ್ದಬಹುದಾದ ಜಾಗ. ‘ಆ್ಯಪ್ ಮೆಟಾಡೇಟಾ’ ಹಾಗಲ್ಲ, ಅದನ್ನು ಸರ್ವರ್ ಮಾತ್ರ ಬರೆಯುತ್ತದೆ. ಹೆಸರು ಅಕ್ಕಪಕ್ಕ ಇರುವುದರಿಂದ ಕಣ್ಣು ತಪ್ಪುತ್ತದೆ.

ವ್ಯೂಗಳು, ಅಂದರೆ ಟೇಬಲ್‌ನಂತೆ ಬಳಸಲು ಹೆಸರಿಟ್ಟು ಉಳಿಸಿದ ಕ್ವೆರಿಗಳು, ಸದ್ದಿಲ್ಲದೆ ಸೋರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಓಡುವುದು ಅದನ್ನು ಮಾಡಿದವರ ಹಕ್ಕಿನಲ್ಲಿ. ಮಾಡಿದವರು ಸಾಮಾನ್ಯವಾಗಿ ಟೇಬಲ್‌ನ ಒಡೆಯರೇ, ಒಡೆಯರಿಗೆ ಆರ್‌ಎಲ್‌ಎಸ್ ತಾಗುವುದಿಲ್ಲ. ಫೀಸ್ ಟೇಬಲ್‌ಗೆ ಬಿಗಿ ಪಾಲಿಸಿ ಬರೆದು, ತಿಂಗಳ ವರದಿಗೆಂದು ಅದರ ಮೇಲೊಂದು ವ್ಯೂ ಮಾಡಿದರೆ ವ್ಯೂ ಮೂಲಕ ಎಲ್ಲವೂ ಹೊರಗೆ. 15ನೇ ಆವೃತ್ತಿಯಿಂದ ‘ಸೆಕ್ಯುರಿಟಿ ಇನ್ವೋಕರ್’ ಎಂಬ ಆಯ್ಕೆ ಇದೆ. ಅದನ್ನು ಟ್ರೂ ಮಾಡಿದರೆ ಕೇಳಿದವರ ಹಕ್ಕಿನಲ್ಲಿ ವ್ಯೂ ಓಡುತ್ತದೆ.

ಪಾಲಿಸಿಗಳು ಒಂದಕ್ಕೊಂದು ‘ಅಥವಾ’ ಸಂಬಂಧದಲ್ಲಿ ಸೇರುತ್ತವೆ ಎಂಬುದನ್ನೂ ನೆನಪಿಡಬೇಕು. ನಾಲ್ಕು ಬಿಗಿ ಪಾಲಿಸಿಗಳ ನಡುವೆ, ಟೆಸ್ಟ್ ಮಾಡಲೆಂದು ಬರೆದು ಮರೆತ ಒಂದು ‘ಟ್ರೂ’ ಇದ್ದರೆ ಉಳಿದ ನಾಲ್ಕೂ ವ್ಯರ್ಥ. ಎಲ್ಲಕ್ಕೂ ಕಡ್ಡಾಯವಾಗಿ ಅನ್ವಯಿಸಬೇಕಾದ ಷರತ್ತನ್ನು ‘ರಿಸ್ಟ್ರಿಕ್ಟಿವ್’ ಎಂದು ಘೋಷಿಸಬೇಕು. ಅನಾಮಿಕ ಲಾಗಿನ್ ಚಾಲೂ ಇದ್ದರೆ ಆ ಅನಾಮಿಕರೂ ‘ಆಥೆಂಟಿಕೇಟೆಡ್’ ರೋಲ್‌ನಲ್ಲೇ ಬರುತ್ತಾರೆ, ‘ಅನಾನ್’ನಲ್ಲಲ್ಲ. ಹೆಸರು ನೋಡಿ ಮೋಸಹೋಗುವವರು ಇಲ್ಲಿ ಬಹಳ.

ಟ್ಯೂಷನ್ ಕೇಂದ್ರಕ್ಕೆ ಶಿಕ್ಷಕರು, ಪೋಷಕರು ಸೇರಿಕೊಂಡಾಗ ಲೆಕ್ಕ ಜಟಿಲವಾಗುತ್ತದೆ. ಯಾರು ಯಾವ ಬ್ಯಾಚ್‌ಗೆ ಸೇರಿದವರು ಎಂಬ ಸದಸ್ಯತ್ವದ ಟೇಬಲ್ ಬೇಕು. ಅದರ ಪಾಲಿಸಿಯೊಳಗೆ ಅದೇ ಟೇಬಲ್ ಅನ್ನು ಕೇಳಿದರೆ ಪೋಸ್ಟ್‌ಗ್ರೆಸ್ ‘ಇನ್ಫಿನಿಟ್ ರಿಕರ್ಷನ್’ ಎಂದು ನಿಲ್ಲಿಸುತ್ತದೆ. ಪರಿಹಾರ, ಸದಸ್ಯತ್ವ ಪರೀಕ್ಷಿಸುವ ಒಂದು ಸಣ್ಣ ‘ಸೆಕ್ಯುರಿಟಿ ಡಿಫೈನರ್’ ಫಂಕ್ಷನ್, ಅಂದರೆ ಅದರ ಒಡೆಯರ ಹಕ್ಕಿನಲ್ಲಿ ಓಡುವ ಫಂಕ್ಷನ್. ಅದನ್ನು ಎಪಿಐಗೆ ತೆರೆಯದ ಬೇರೆ ಸ್ಕೀಮಾದಲ್ಲಿ ಇಡಬೇಕು, ಸರ್ಚ್ ಪಾತ್ ಖಾಲಿ ಮಾಡಬೇಕು, ಹೌದು–ಇಲ್ಲ ಬಿಟ್ಟು ಬೇರೇನನ್ನೂ ಅದು ಹಿಂದಿರುಗಿಸಬಾರದು.

ಇವೆಲ್ಲ ಸರಿಯಿವೆಯೇ ಎಂದು ಎಸ್‌ಕ್ಯೂಎಲ್ ಎಡಿಟರ್‌ನಲ್ಲಿ ಪರೀಕ್ಷಿಸುವುದು ದಂಡ. ಅಲ್ಲಿ ನೀವು ಒಡೆಯರು, ಎಲ್ಲವೂ ಕಾಣುತ್ತದೆ. ಪರೀಕ್ಷೆ ಹೊರಗಿನಿಂದ ಆಗಬೇಕು. ಎರಡು ಬೇರೆ ಬೇರೆ ಖಾತೆ ಮಾಡಿ. ಮೊದಲನೆಯ ಟೋಕನ್‌ನಿಂದ ಎರಡನೆಯವರ ಸಾಲನ್ನು ಓದಲು, ತಿದ್ದಲು, ಅಳಿಸಲು, ಅವರ ಹೆಸರಿನಲ್ಲಿ ಹೊಸ ಸಾಲು ಸೇರಿಸಲು ಕರ್ಲ್‌ನಿಂದ ಪ್ರಯತ್ನಿಸಿ. ಆಮೇಲೆ ಟೋಕನ್ ಇಲ್ಲದೆ, ಬರೀ ಅನಾನ್ ಕೀಯಿಂದ ಅದನ್ನೇ ಮಾಡಿ. ಓದಲು ಖಾಲಿ ಬ್ರಾಕೆಟ್, ಸೇರಿಸಲು 401 ಅಥವಾ 403 ಬರಬೇಕು. ತಿದ್ದುವಾಗ, ಅಳಿಸುವಾಗ ಎಷ್ಟೋ ಸಲ ಎರರ್ ಬರುವುದಿಲ್ಲ, ಸೊನ್ನೆ ಸಾಲು ಬದಲಾಗಿರುತ್ತದೆ. ಡೇಟಾಬೇಸ್ ಒಳಗೆ ಹೋಗಿ ನೋಡಿ ಖಚಿತ ಮಾಡಿಕೊಳ್ಳಬೇಕು. ಇದನ್ನು ಪ್ರತಿ ಟೇಬಲ್‌ಗೂ ಮಾಡುವುದು ಬೇಸರದ ಕೆಲಸ. ಒಮ್ಮೆ ಸ್ಕ್ರಿಪ್ಟ್ ಬರೆದಿಟ್ಟರೆ ಪ್ರತಿ ಮೈಗ್ರೇಷನ್ ನಂತರವೂ ಓಡಿಸಬಹುದು.

ಫೈರ್‌ಬೇಸ್‌ನಲ್ಲಿ ತೂತುಗಳ ಜಾಗ ಬೇರೆ. ಅದರ ಡೇಟಾಬೇಸ್ ಆದ ಫೈರ್‌ಸ್ಟೋರ್ ಅನ್ನು ‘ಟೆಸ್ಟ್ ಮೋಡ್’ನಲ್ಲಿ ಆರಂಭಿಸಿದರೆ 30 ದಿನ ಎಲ್ಲರಿಗೂ ಎಲ್ಲವೂ ತೆರೆದಿರುತ್ತದೆ. ಮೂವತ್ತೊಂದನೇ ದಿನ ಆ್ಯಪ್ ನಿಲ್ಲುತ್ತದೆ, ಗಾಬರಿಯಲ್ಲಿ ದಿನಾಂಕವನ್ನು ಮುಂದೂಡುವವರೇ ಹೆಚ್ಚು. ಎರಡನೆಯ ಅಭ್ಯಾಸ ‘ರಿಕ್ವೆಸ್ಟ್ ಆಥ್ ನಲ್ ಅಲ್ಲದಿದ್ದರೆ ಸಾಕು’ ಎಂದು ಬರೆಯುವುದು. ಅದರರ್ಥ, ಲಾಗಿನ್ ಆದವರೆಲ್ಲ ಎಲ್ಲರದ್ದನ್ನೂ ಓದಬಹುದು. ಸೈನ್‌ಅಪ್ ತೆರೆದಿರುವ ಆ್ಯಪ್‌ನಲ್ಲಿ ಲಾಗಿನ್ ಆಗದವರು ಯಾರು? ಫೈರ್‌ಸ್ಟೋರ್ ಡಾಕ್ಯುಮೆಂಟ್ ಅನ್ನು ಇಡಿಯಾಗಿಯೇ ಕೊಡುತ್ತದೆ, ಅದರೊಳಗಿನ ಫೋನ್ ನಂಬರ್ ಮಾತ್ರ ಮುಚ್ಚಿಡಲಾಗದು. ಎಲ್ಲರಿಗೂ ಕಾಣುವ ಪ್ರೊಫೈಲ್ ಒಂದು ಡಾಕ್ಯುಮೆಂಟ್, ಖಾಸಗಿ ವಿವರ ಇನ್ನೊಂದು ಎಂದು ಮೊದಲೇ ಬೇರ್ಪಡಿಸಬೇಕು. ಹಳೆಯ ರಿಯಲ್‌ಟೈಮ್ ಡೇಟಾಬೇಸ್‌ನಲ್ಲಿ ನಿಯಮ ಮೇಲಿನಿಂದ ಕೆಳಗೆ ಹರಿಯುತ್ತದೆ: ಮೇಲಿನ ಹಂತದಲ್ಲಿ ಓದಲು ಬಿಟ್ಟರೆ ಕೆಳಗಿನ ಹಂತದಲ್ಲಿ ತಡೆಯಲು ಬರುವುದಿಲ್ಲ. ಫೈರ್‌ಸ್ಟೋರ್ ಇದಕ್ಕೆ ವಿರುದ್ಧ. ಮೇಲಿನ ನಿಯಮ ಸಬ್‌ಕಲೆಕ್ಷನ್‌ಗೆ ತಾನಾಗಿ ಇಳಿಯುವುದಿಲ್ಲ.

ಈಗಲೇ ಏಕೆ ಇಷ್ಟು ಸುದ್ದಿ

2025ರಲ್ಲಿ ಎರಡು ಪ್ರಕರಣ ಈ ವಿಷಯವನ್ನು ಮುನ್ನೆಲೆಗೆ ತಂದವು. ಮಾತಿನಲ್ಲಿ ಹೇಳಿದರೆ ಆ್ಯಪ್ ಕಟ್ಟಿಕೊಡುವ ಲವಬಲ್ ಎಂಬ ಸ್ವೀಡನ್ ಮೂಲದ ಎಐ ಸಾಧನದಲ್ಲಿ ಹುಟ್ಟಿದ 1,645 ಸೈಟ್‌ಗಳನ್ನು ಸಂಶೋಧಕರು ಪರಿಶೀಲಿಸಿದಾಗ 170ರಲ್ಲಿ ಆರ್‌ಎಲ್‌ಎಸ್ ಇರಲಿಲ್ಲ ಅಥವಾ ಸಾಲದಾಗಿತ್ತು. ಅನಾನ್ ಕೀ ಹಿಡಿದು ಡೇಟಾ ಓದಬಹುದಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2025-48757 ಎಂಬ ಸಂಖ್ಯೆ ಸಿಕ್ಕಿತು. ಡೇಟಾ ಕಾಪಾಡುವುದು ಆ್ಯಪ್ ಮಾಡಿಸಿಕೊಂಡವರ ಜವಾಬ್ದಾರಿ ಎಂಬುದು ಕಂಪನಿಯ ನಿಲುವು. ಕಾನೂನಿನ ಮಾತಾಗಿ ಅದು ಸರಿಯಿರಬಹುದು. ಆದರೆ ಕೋಡ್ ಓದಲು ಬಾರದವರಿಗಾಗಿಯೇ ಮಾಡಿದ ಸಾಧನ, ಓದಿ ತಿದ್ದಿಕೊಳ್ಳಿ ಎನ್ನುವುದು ಅಷ್ಟೇನೂ ಒಪ್ಪುವ ಮಾತಲ್ಲ.

ಎರಡನೆಯದು ಅಮೆರಿಕದ ‘ಟೀ’ ಆ್ಯಪ್‌ನದು. ಡೇಟಿಂಗ್‌ನಲ್ಲಿ ಎದುರಾಗುವ ಗಂಡಸರ ಬಗ್ಗೆ ಹೆಂಗಸರು ಪರಸ್ಪರ ಎಚ್ಚರಿಸುವ ಆ್ಯಪ್ ಅದು. ಜುಲೈನಲ್ಲಿ ಅದರ ಸುಮಾರು 72,000 ಚಿತ್ರಗಳು ಹೊರಬಿದ್ದವು. ಅವುಗಳಲ್ಲಿ ಸುಮಾರು 13,000 ಚಿತ್ರಗಳು, ಸದಸ್ಯರು ತಮ್ಮ ಗುರುತು ಖಚಿತಪಡಿಸಲು ಕೊಟ್ಟ ಸೆಲ್ಫಿ ಮತ್ತು ಗುರುತಿನ ಚೀಟಿಗಳ ಫೋಟೊ. ಸೋರಿದ್ದು ಫೈಲ್ ಇಡುವ ಸ್ಟೋರೇಜ್ ಬಕೆಟ್‌ನಿಂದ. ಟೇಬಲ್‌ಗಳ ಪಾಲಿಸಿ ತಿದ್ದುವವರು ಬಕೆಟ್‌ಗಳನ್ನು ಮರೆಯುತ್ತಾರೆ. ಆಧಾರ್ ಪ್ರತಿ, ಅಂಕಪಟ್ಟಿ, ಸ್ಕ್ಯಾನ್ ವರದಿ ಇಡುವ ಬಕೆಟ್ ಪ್ರೈವೇಟ್ ಇರಬೇಕು, ತೋರಿಸುವಾಗ ಕೆಲವೇ ನಿಮಿಷ ಬಾಳುವ ಸೈನ್ಡ್ ಯುಆರ್‌ಎಲ್ ಕೊಡಬೇಕು, ಕೆಲಸ ಮುಗಿದ ಮೇಲೆ ಫೈಲ್ ಅಳಿಸಬೇಕು.

ಮಧ್ಯೆ ಸರ್ವರ್ ಬೇಕೇ ಬೇಕಾದ ಕಡೆ

ಎಷ್ಟೇ ಒಳ್ಳೆಯ ಪಾಲಿಸಿ ಇದ್ದರೂ ಕೆಲವು ಬರವಣಿಗೆಗಳನ್ನು ಕ್ಲೈಂಟ್‌ನಿಂದ ಒಪ್ಪಿಕೊಳ್ಳಬಾರದು. ಹಣ ಅವುಗಳಲ್ಲಿ ಮೊದಲು. ಪೇಮೆಂಟ್ ಆದೊಡನೆ ಫ್ರಂಟ್‌ಎಂಡ್ ಕೋಡ್ ‘ಕಟ್ಟಿದ್ದಾರೆ: ಹೌದು’ ಎಂದು ಟೇಬಲ್‌ಗೆ ಬರೆಯುವ ಆ್ಯಪ್‌ಗಳು ಬೇಕಾದಷ್ಟಿವೆ. ಪೇಮೆಂಟ್ ಮಾಡದೆ ಆ ಒಂದು ಸಾಲು ಕಳಿಸಿದರೂ ಸಾಕು.

ಆನ್‌ಲೈನ್ ಪೇಮೆಂಟ್ ಸೇವೆಯಾದ ರೇಜರ್‌ಪೇ ಬಳಸುವವರಿಗೆ ಸರಿಯಾದ ಕ್ರಮ ಹೀಗೆ. ಮೊತ್ತವನ್ನು ಸರ್ವರ್ ತನ್ನ ಟೇಬಲ್‌ನಿಂದಲೇ ಓದಿ ಆರ್ಡರ್ ಸೃಷ್ಟಿಸಬೇಕು. ಮೊತ್ತ ಪೈಸೆಯಲ್ಲಿ, 500 ರೂಪಾಯಿ ಎಂದರೆ 50000. ಆ್ಯಪ್‌ಗೆ ಹೋಗುವುದು ಆರ್ಡರ್ ಐಡಿ ಮತ್ತು ಬಯಲಲ್ಲಿ ಇರಬಹುದಾದ ಕೀ ಐಡಿ ಮಾತ್ರ. ಹಣ ಕಟ್ಟಿದ ಮೇಲೆ ಆ್ಯಪ್‌ಗೆ ಪೇಮೆಂಟ್ ಐಡಿ ಮತ್ತು ಒಂದು ಸಿಗ್ನೇಚರ್ ಬರುತ್ತದೆ. ಸರ್ವರ್ ತನ್ನಲ್ಲಿರುವ ಆರ್ಡರ್ ಐಡಿ, ನಡುವೆ ಒಂದು ಲಂಬ ಗೆರೆ (|), ಪೇಮೆಂಟ್ ಐಡಿ ಜೋಡಿಸಿ, ಕೀ ಸೀಕ್ರೆಟ್‌ನಿಂದ ಎಚ್‌ಮ್ಯಾಕ್ ಶಾ-256 ಎಂಬ ಸಹಿ ತೆಗೆದು, ಬಂದ ಸಿಗ್ನೇಚರ್ ಜೊತೆ ಹೋಲಿಸಬೇಕು. ಸೀಕ್ರೆಟ್ ಸರ್ವರ್ ಬಿಟ್ಟು ಎಲ್ಲೂ ಇರಬಾರದು. ಯುಪಿಐ ಆ್ಯಪ್‌ಗೆ ಹೋಗಿ ಹಣ ಕಟ್ಟಿ ನಮ್ಮ ಆ್ಯಪ್‌ಗೆ ಮರಳದೆಯೇ ಫೋನ್ ಜೇಬಿಗಿಡುವವರಿದ್ದಾರೆ, ಅವರಿಗಾಗಿ ವೆಬ್‌ಹುಕ್, ಅಂದರೆ ರೇಜರ್‌ಪೇ ನೇರವಾಗಿ ನಮ್ಮ ಸರ್ವರ್‌ಗೆ ಕಳಿಸುವ ಸೂಚನೆ, ಬೇಕು. ಅದೇ ವೆಬ್‌ಹುಕ್ ಎರಡು ಸಲ ಬರಬಹುದು. ಪೇಮೆಂಟ್ ಐಡಿ ಕಾಲಂಗೆ ಯೂನಿಕ್ ನಿರ್ಬಂಧ ಹಾಕಿದ್ದರೆ ಎರಡನೇ ಸಲ ಏನೂ ಆಗುವುದಿಲ್ಲ.

ಒಟಿಪಿ ಪರಿಶೀಲನೆ, ಪಾಯಿಂಟ್ಸ್ ಲೆಕ್ಕ, ಸೀಟು ಕಾಯ್ದಿರಿಸುವುದು, ಎಐ ಮಾಡೆಲ್‌ಗಳ ಎಪಿಐ ಕೀ ಬಳಸುವ ಯಾವುದೇ ಕೆಲಸ ಇದೇ ಸಾಲಿಗೆ ಸೇರುತ್ತವೆ. ಪೂರ್ತಿ ಸರ್ವರ್ ನಡೆಸಬೇಕೆಂದಿಲ್ಲ, ಕರೆದಾಗ ಮಾತ್ರ ಓಡುವ ಒಂದು ಎಡ್ಜ್ ಫಂಕ್ಷನ್ ಅಥವಾ ಕ್ಲೌಡ್ ಫಂಕ್ಷನ್ ಸಾಕು.

ಮಧ್ಯದ ಈ ಕೋಡ್ ಬರೆದಾಕ್ಷಣ ನಿರಾಳ ಎಂದೇನಿಲ್ಲ. ಅದು ಸರ್ವಿಸ್ ರೋಲ್ ಕೀಯಲ್ಲಿ ಓಡಿದರೆ ಆರ್‌ಎಲ್‌ಎಸ್ ಕೈಬಿಟ್ಟಂತೆ, ಪರಿಶೀಲನೆಯೆಲ್ಲ ಕೋಡ್‌ನ ತಲೆಗೆ. ಟೋಕನ್ ಸರಿಯಿದೆಯೇ ಎಂದು ನೋಡಿ, ವಿಳಾಸದಲ್ಲಿ ಬಂದ ಫೀಸ್ ಐಡಿಯ ಸಾಲನ್ನು ಹಾಗೇ ಕೊಟ್ಟುಬಿಡುವ ಎಪಿಐಗಳು ಲೆಕ್ಕವಿಲ್ಲದಷ್ಟು. ಐಡಿ 41 ಬದಲು 42 ಎಂದು ಬರೆದರೆ ಪಕ್ಕದವರ ರಸೀದಿ. ಅಧಿಕಾರದ ಪರಿಶೀಲನೆ ತಪ್ಪುವ ಇಂಥ ದೋಷಗಳೇ ವೆಬ್ ಭದ್ರತೆಯ ಸಂಸ್ಥೆಯಾದ ಒವಾಸ್ಪ್‌ನ 2021ರ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು. ಆದಷ್ಟು ಬಳಕೆದಾರರ ಟೋಕನ್ ಅನ್ನೇ ಮುಂದಕ್ಕೆ ದಾಟಿಸಿ ಆರ್‌ಎಲ್‌ಎಸ್ ಚಾಲೂ ಇರುವ ಹಾಗೆ ಕ್ವೆರಿ ಮಾಡುವುದು ಲೇಸು.

ಸರ್ವರ್‌ನಿಂದ ಡೇಟಾಬೇಸ್‌ಗೆ ಹೋಗುವ ಸಂಪರ್ಕದಲ್ಲೂ ಎರಡು ಮೂರು ಅಂಶ ತಪ್ಪುತ್ತವೆ. ಬಳಕೆದಾರರು ಟೈಪ್ ಮಾಡಿದ್ದನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸದೆ ಪ್ಯಾರಾಮೀಟರ್ ಆಗಿ ಕಳಿಸಬೇಕು. ಇದು ಹಳೆಯ ಪಾಠ, ಮತ್ತೆ ಹೇಳಬೇಕಿಲ್ಲ. ಪೋಸ್ಟ್‌ಗ್ರೆಸ್‌ನ ‘ಎಸ್‌ಎಸ್‌ಎಲ್ ಮೋಡ್’ ಅನ್ನು ‘ರಿಕ್ವೈರ್’ ಎಂದಿಟ್ಟರೆ ಸಂಪರ್ಕ ಎನ್‌ಕ್ರಿಪ್ಟ್ ಆಗುತ್ತದೆ, ಆದರೆ ಆ ತುದಿಯಲ್ಲಿರುವುದು ನಮ್ಮದೇ ಸರ್ವರ್ ಹೌದೇ ಎಂದು ಅದು ನೋಡುವುದಿಲ್ಲ. ‘ವೆರಿಫೈ ಫುಲ್’ ಇಟ್ಟರೆ ನೋಡುತ್ತದೆ. ಕ್ಲೌಡ್ ಫಂಕ್ಷನ್‌ಗಳು ಒಮ್ಮೆಲೇ ನೂರಾರು ಹುಟ್ಟಿಕೊಳ್ಳುವುದರಿಂದ ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚಿಕೊಡುವ ಪಿಜಿಬೌನ್ಸರ್‌ನಂಥ ಪೂಲರ್ ಮೂಲಕವೇ ಹೋಗಬೇಕು. ಅದರ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇಲ್ಲ’ ಎಂಬ ವಿಚಿತ್ರ ಎರರ್ ಬಂದರೆ ಪೂಲರ್ ಹಳೆಯದಿರಬಹುದು; ಪಿಜಿಬೌನ್ಸರ್ ಇದನ್ನು ನಿಭಾಯಿಸಲು ಕಲಿತದ್ದು 2023ರ 1.21ರಲ್ಲಿ.

ಭದ್ರತೆ ಎಂದು ತಪ್ಪು ತಿಳಿಯುವ ಸಂಗತಿಗಳೂ ಇವೆ. ಕಾರ್ಸ್ ಎಂಬುದು, ಬೇರೆ ಸೈಟ್‌ನ ಉತ್ತರವನ್ನು ಓದಬಹುದೇ ಎಂಬ ಬಗ್ಗೆ ಬ್ರೌಸರ್‌ಗಳು ಪಾಲಿಸುವ ನಿಯಮ, ಕರ್ಲ್‌ಗೆ ಅದು ಲೆಕ್ಕಕ್ಕಿಲ್ಲ. ನಿಗದಿತ ಸರ್ಟಿಫಿಕೇಟ್ ಇರುವ ಸರ್ವರ್ ಅನ್ನು ಮಾತ್ರ ಆ್ಯಪ್ ನಂಬುವ ಸರ್ಟಿಫಿಕೇಟ್ ಪಿನ್ನಿಂಗ್ ದಾರಿಯಲ್ಲಿ ಕದ್ದು ಕೇಳುವವರನ್ನು ತಡೆಯುತ್ತದೆ. ಆದರೆ ಫೋನಿನ ಒಡೆಯರೇ, ಓಡುತ್ತಿರುವ ಆ್ಯಪ್ ಅನ್ನು ಬದಲಿಸುವ ಫ್ರೀಡಾ ಎಂಬ ಸಾಧನ ಹಾಕಿ ಅದನ್ನು ಕಳಚಬಹುದು. ಫೈರ್‌ಬೇಸ್‌ನ ಆ್ಯಪ್ ಚೆಕ್ ನಕಲಿ ಕ್ಲೈಂಟ್‌ಗಳ ಕಾಟ ಕಡಿಮೆ ಮಾಡುತ್ತದೆ. ಅದು ಇರಲಿ, ಆದರೆ ಅದನ್ನು ನಂಬಿ ನಿಯಮ ಸಡಿಲಿಸಬಾರದು.

ಸೀಕ್ರೆಟ್ ಕೀ ಹೊರಬಿದ್ದಿದೆ ಎಂದು ಗೊತ್ತಾದ ದಿನ

ಗಿಟ್‌ಗೆ ಸೇರಿದ ಕೀಯನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಕೀ ಸತ್ತಿದೆ ಎಂದೇ ಲೆಕ್ಕ ಹಾಕಿ ಹೊಸದು ಮಾಡಬೇಕು. ಸುಪಾಬೇಸ್‌ನ ಹಳೆಯ ಜೋಡಿಯಲ್ಲಿ ಅನಾನ್, ಸರ್ವಿಸ್ ರೋಲ್ ಎರಡೂ ಒಂದೇ ಜೆಡಬ್ಲ್ಯೂಟಿ ಸೀಕ್ರೆಟ್‌ನಿಂದ ಹುಟ್ಟಿದವು. ಆ ಸೀಕ್ರೆಟ್ ಬದಲಿಸಿದರೆ ಅನಾನ್ ಕೀಯೂ ಸಾಯುತ್ತದೆ, ಜನರ ಫೋನ್‌ಗಳಲ್ಲಿರುವ ಹಳೆಯ ಆವೃತ್ತಿಗಳೆಲ್ಲ ನಿಲ್ಲುತ್ತವೆ. ಈ ಭಯಕ್ಕೇ ಕೀ ಬದಲಿಸುವುದನ್ನು ವಾರಗಟ್ಟಲೆ ಮುಂದೂಡುವುದುಂಟು. ಹೊಸ ಸೀಕ್ರೆಟ್ ಕೀಗಳನ್ನು ಒಂದೊಂದಾಗಿ ರದ್ದು ಮಾಡಬಹುದು, ಪಬ್ಲಿಷಬಲ್ ಕೀ ಮುಟ್ಟಬೇಕಿಲ್ಲ. ಅದಕ್ಕೇ ತೊಂದರೆ ಬರುವ ಮುಂಚೆಯೇ ಹೊಸ ಕೀಗಳಿಗೆ ಬದಲಾಗಿ, ಒಂದು ಆವೃತ್ತಿ ಬಿಡುಗಡೆ ಮಾಡಿ, ಹಳೆಯ ಕೀಯಿಂದ ಬರುವ ಕೋರಿಕೆಗಳು ನಿಂತ ಮೇಲೆ ಅದನ್ನು ಮುಚ್ಚಿಬಿಡುವುದು ಜಾಣತನ.

ಕೀ ಬದಲಿಸಿದ ಮೇಲೆ ಲಾಗ್‌ಗಳು: ಆ ಕೀ ಯಾವ ಟೇಬಲ್‌ಗಳನ್ನು, ಯಾವ ಐಪಿಗಳಿಂದ, ಎಂದಿನಿಂದ ಓದಿದೆ? ಉಚಿತ ಪ್ಲ್ಯಾನ್‌ಗಳಲ್ಲಿ ಲಾಗ್ ಬಹಳ ದಿನ ಉಳಿಯುವುದಿಲ್ಲ, ಮೊದಲು ಅವನ್ನು ಇಳಿಸಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಡೇಟಾ ಸೋರಿಕೆಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಭದ್ರತೆ ಮತ್ತು ಸೋರಿಕೆಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಆಗ ಯಾರ ಡೇಟಾ ಸೋರಿತೋ ಅವರಿಗೂ ಡೇಟಾ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಬೆಂಗಳೂರಿನ ನವೋದ್ಯಮವಾಗಲಿ, ಹಾಸನದಲ್ಲಿ ಒಬ್ಬರೇ ಕೂತು ಟ್ಯೂಷನ್ ಕೇಂದ್ರಕ್ಕೆ ಆ್ಯಪ್ ಮಾಡಿಕೊಟ್ಟವರಾಗಲಿ, ಎಲ್ಲಿ ಯಾರ ಡೇಟಾ ಇದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು: ಟೇಬಲ್‌ನ ಹೆಸರು, ಅದರಲ್ಲಿ ವೈಯಕ್ತಿಕ ವಿವರ ಇರುವ ಕಾಲಂಗಳು, ಓದಬಲ್ಲ ರೋಲ್‌ಗಳು. 6 ಗಂಟೆಯಲ್ಲಿ ಆ ಪಟ್ಟಿಯನ್ನು ಹೊಸದಾಗಿ ತಯಾರಿಸಲು ಆಗುವುದಿಲ್ಲ.